ಸಿಪ್ಯಾಪ್ ಮಾಸ್ಕ್ ತೊಳೆದು ಜೋಡಿಸುವುದು: ನನ್ನ ಅನುಭವ

ನಿದ್ದೆಯಲ್ಲಿ ಉಸಿರಿನ ದಾರಿ ಮುಚ್ಚದಂತೆ ಮಾಸ್ಕ್ ಮೂಲಕ ಗಾಳಿ ಊದುವ ಸಿಪ್ಯಾಪ್ ಮೆಷಿನ್ ಮನೆಗೆ ಬಂದ ಹೊಸತರಲ್ಲಿ ಎಲ್ಲರ ಕಣ್ಣೂ ಮೆಷಿನ್ ಮೇಲೆ. ಎಷ್ಟಾಯ್ತು, ಸದ್ದು ಮಾಡುತ್ತಾ, ಕರೆಂಟ್ ಜಾಸ್ತಿ ಎಳೆಯುತ್ತಾ ಅಂತ ಬಂದವರೆಲ್ಲ ಕೇಳಿದರು. ಮಾಸ್ಕ್ ಬಗ್ಗೆ ಯಾರೂ ಕೇಳಲಿಲ್ಲ. ಆದರೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ, ಇರುವವರಿಗೆ ದಿನಾ ಕೈಕೆಲಸ ಕೊಡುವುದು ಮಾಸ್ಕೇ. ಮೆಷಿನ್ ಪಾಪ, ಒಂದು ಫಿಲ್ಟರ್, ಒಂದಿಷ್ಟು ನೀರು ಕೊಟ್ಟರೆ ತನ್ನ ಪಾಡಿಗೆ ಊದುತ್ತಾ ಕೂತಿರುತ್ತದೆ.

ರಾತ್ರಿ ಗಾಳಿ ಸೋರಿ ಕಣ್ಣಿಗೆ ಹೊಡೆಯುವುದು, ಮೂಗಿನ ದಿಬ್ಬ ಕೆಂಪಾಗುವುದು, ಸುಯ್ ಅಂತ ಸೀಟಿ ಬರುವುದು. ಇದಕ್ಕೆಲ್ಲ ನಾನು ಕಂಡಂತೆ ಹೆಚ್ಚಾಗಿ ಎರಡೇ ಕಾರಣ. ಒಂದು, ಕುಶನ್ ಮೇಲೆ ಕೂತ ಜಿಡ್ಡು. ಇನ್ನೊಂದು, ತೊಳೆದ ಮೇಲೆ ಸರಿಯಾಗಿ ಕೂರದ ಯಾವುದೋ ಒಂದು ಭಾಗ. ಹಾಗಾಗಿ ಪ್ರೆಶರ್ ಬದಲಿಸಿಕೊಡಿ ಅಂತ ಡಾಕ್ಟರ ಹತ್ತಿರ ಓಡುವ ಮೊದಲು ನಾನು ಬಚ್ಚಲುಮನೆಗೆ ಹೋಗುತ್ತೇನೆ.

ನನ್ನದು ಮೂಗು, ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್ ಮಾಸ್ಕ್. ಬಿಚ್ಚಿದರೆ ನಾಲ್ಕು ಭಾಗ. ಮುಖಕ್ಕೆ ತಾಗುವ ಸಿಲಿಕೋನ್ ಕುಶನ್, ಅದನ್ನು ಹಿಡಿದಿರುವ ಪ್ಲಾಸ್ಟಿಕ್ ಫ್ರೇಮ್, ಪೈಪ್ ಸೇರುವ ಎಲ್ಬೋ, ತಲೆಗೆ ಸುತ್ತುವ ಬಟ್ಟೆಯ ಪಟ್ಟಿ ಅಂದರೆ ಹೆಡ್‌ಗೇರ್. ಬರೀ ಮೂಗಿನ ಮಾಸ್ಕ್ ಇರುವವರಿಗೆ ಎಲ್ಲವೂ ಚಿಕ್ಕದು, ಕೆಲಸ ಮಾತ್ರ ಅದೇ.

ಕುಶನ್ನನ್ನು ಬೆಳಕಿಗೆ ಹಿಡಿದು ನೋಡಿದ್ದೀರಾ? ನನ್ನದರಲ್ಲಿ ಎರಡು ಗೋಡೆ ಇದೆ. ಒಳಗಡೆ ಸ್ವಲ್ಪ ದಪ್ಪನೆಯದು, ಅದರ ಮೇಲೆ ಹಾಲಿನ ಕೆನೆಯಷ್ಟು ತೆಳುವಾದ ಇನ್ನೊಂದು. ಮೆಷಿನ್ ಶುರುವಾದಾಗ ಗಾಳಿ ಈ ತೆಳು ಪದರವನ್ನು ಒಳಗಿನಿಂದ ಉಬ್ಬಿಸಿ ಕೆನ್ನೆಗೆ ಒತ್ತುತ್ತದೆ. ಸೋರದಂತೆ ತಡೆಯುವುದು ಇದೇ, ಪಟ್ಟಿಯ ಬಿಗಿ ಅಲ್ಲ. ಪಟ್ಟಿ ಬಿಗಿದಷ್ಟೂ ಈ ಪದರ ಮಡಚಿಕೊಂಡು ಇನ್ನೂ ಜಾಸ್ತಿ ಸೋರುತ್ತದೆ. ಅದರ ಮೇಲೆ ಬೆವರು, ಮುಖದ ಎಣ್ಣೆ ಕೂತರೆ ಚರ್ಮಕ್ಕೆ ಹಿಡಿಯದೆ ಜಾರುತ್ತದೆ. ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಬೆರಳಾಡಿಸಿ ನೋಡಿ, ಲೋಳೆ ಲೋಳೆ ಅನಿಸಿದರೆ ತೊಳೆದು ತುಂಬಾ ದಿನ ಆಗಿದೆ ಅಂತಲೇ ಲೆಕ್ಕ.

ಇಲ್ಲೊಂದು ವಿಷಯ ನೆನಪಾಯಿತು. ಸಿಡ್ನಿಯ ಡಾ. ಕಾಲಿನ್ ಸಲಿವನ್ 1981ರಲ್ಲಿ ಈ ಚಿಕಿತ್ಸೆಯ ಬಗ್ಗೆ ಮೊದಲ ಬಾರಿಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ ಆರಂಭದ ದಿನಗಳಲ್ಲಿ ಮಾಸ್ಕನ್ನು ರೋಗಿಯ ಮುಖಕ್ಕೆ ಸಿಲಿಕೋನ್ ಅಂಟು ಹಚ್ಚಿಯೇ ಕೂರಿಸುತ್ತಿದ್ದರಂತೆ. ದಿನಾ ರಾತ್ರಿ ಅಂಟಿಸಬೇಕು, ಬೆಳಿಗ್ಗೆ ಕೀಳಬೇಕು! ಅದನ್ನು ನೆನೆಸಿಕೊಂಡರೆ ನಮ್ಮದು ಸುಖದ ಕೆಲಸ.

ದಿನಾ ಬೆಳಿಗ್ಗೆ ನಾನು ತೊಳೆಯುವುದು ಕುಶನ್ ಒಂದನ್ನೇ. ಹಲ್ಲುಜ್ಜಿದ ಕೂಡಲೇ, ಅದೇ ಸಿಂಕಿನಲ್ಲಿ. ನೀರು ಉಗುರುಬೆಚ್ಚಗಿದ್ದರೆ ಸಾಕು. ಕುದಿನೀರು ಬೇಡ. ವಾಸನೆ ಇಲ್ಲದ ಬೇಬಿ ಸೋಪು ಅಥವಾ ಪಾತ್ರೆ ತೊಳೆಯುವ ಸಾದಾ ಲಿಕ್ವಿಡ್ ಒಂದು ಹನಿ. ನಿಂಬೆ ವಾಸನೆಯದು ಮಾತ್ರ ಬೇಡ, ರಾತ್ರಿಯಿಡೀ ಮೂಗಿನಲ್ಲಿ ನಿಂಬೆಹಣ್ಣು ಹಿಡಿದ ಹಾಗಾಗುತ್ತದೆ. ಚರ್ಮ ಮೃದು ಮಾಡುತ್ತೇವೆ ಅನ್ನುವ ಕ್ರೀಮ್ ಸೋಪುಗಳೂ ಬೇಡ. ಅವು ತಾವೇ ಒಂದು ಜಿಡ್ಡಿನ ಪದರ ಬಿಟ್ಟು ಹೋಗುತ್ತವೆ. ಬೆರಳ ತುದಿಯಲ್ಲೇ ಉಜ್ಜಬೇಕು, ಉಗುರು ತಾಗಬಾರದು. ಪಾತ್ರೆ ಉಜ್ಜುವ ನಾರನ್ನಂತೂ ಹತ್ತಿರವೂ ತರಬೇಡಿ. ಆಮೇಲೆ ಸೋಪಿನ ಜಾರಿಕೆ ಹೋಗಿ ಕೈಗೆ ಕಿರ್ ಅನ್ನುವವರೆಗೆ ನೀರು ಬಿಡುವುದು.

ಸ್ಪಿರಿಟ್, ಬ್ಲೀಚ್, ಡೆಟಾಲ್ ಯಾವುದೂ ಬೇಡ. ಕೀಟಾಣು ಸಾಯಲಿ ಅಂತ ಹಾಕಲು ಮನಸ್ಸಾಗುತ್ತದೆ, ನಿಜ. ಆದರೆ ಸಿಲಿಕೋನ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಉಳಿದ ವಾಸನೆಯನ್ನು ಎಂಟು ಗಂಟೆ ನೀವೇ ಕುಡಿಯಬೇಕು. ಆನ್‌ಲೈನ್‌ನಲ್ಲಿ ಓಝೋನ್ ಡಬ್ಬಿ, ಯುವಿ ಚೀಲ ಅಂತ ಸಾವಿರಾರು ರೂಪಾಯಿಗೆ ಮಾರುತ್ತಾರೆ. ಅಂಥ ಸಾಧನಗಳಿಗೆ ತಾನು ಒಪ್ಪಿಗೆ ಕೊಟ್ಟಿಲ್ಲ, ಓಝೋನ್‌ನಿಂದ ಉಸಿರಾಟದ ತೊಂದರೆ ಆಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಎಚ್ಚರಿಸಿತ್ತು. ಸೋಪು ನೀರು ಮಾಡುವ ಕೆಲಸಕ್ಕೆ ಅಷ್ಟು ದುಡ್ಡು ಯಾಕೆ ಅನ್ನುವುದು ನನ್ನ ಲೆಕ್ಕ.

ನಮ್ಮ ಕಡೆಯವರು ಗಮನಿಸಬೇಕಾದ್ದು ಇನ್ನೆರಡಿವೆ. ರಾತ್ರಿ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಹೆಡ್‌ಗೇರ್ ಅಷ್ಟನ್ನೂ ಕುಡಿದು ಕಮಟು ವಾಸನೆ ಹಿಡಿಯುತ್ತದೆ. ಎಣ್ಣೆ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಹಚ್ಚಿಕೊಳ್ಳಿ. ಮುಖಕ್ಕೆ ಅರಿಶಿನ ಹಚ್ಚುವ ಹೆಂಗಸರ ಕುಶನ್ ಹಳದಿಯಾಗುತ್ತದೆ, ಆ ಬಣ್ಣ ಸುಲಭಕ್ಕೆ ಹೋಗುವುದಿಲ್ಲ. ಮಲಗುವ ಮುಂಚೆ ಮುಖ ತೊಳೆದು ಒರೆಸಿಕೊಂಡರೆ ಬೆಳಗಿನ ಅರ್ಧ ಕೆಲಸ ಕಮ್ಮಿ.

ವಾರಕ್ಕೊಮ್ಮೆ, ಭಾನುವಾರ, ಎಲ್ಲವನ್ನೂ ಬಿಚ್ಚುತ್ತೇನೆ. ಹೆಡ್‌ಗೇರಿನ ಕೆಳಗಿನ ಪಟ್ಟಿಗಳ ವೆಲ್ಕ್ರೋ ಮಾತ್ರ ಬಿಚ್ಚುವುದಿಲ್ಲ. ಅದನ್ನು ಅಂಟಿಸಿದಲ್ಲೇ ಬಿಟ್ಟು, ಕೆಳಗಿನ ಕ್ಲಿಪ್ ತೆಗೆದು, ಮೇಲಿನ ಪಟ್ಟಿಯ ತುದಿ ಬಿಡಿಸಿ ಮತ್ತೆ ಅದರ ಮೇಲೇ ಅಂಟಿಸಿದರೆ ಸಾಕು. ಬಿಡಿಸುವ ಮೊದಲು ಮೇಲಿನ ಪಟ್ಟಿ ಎಲ್ಲಿಗೆ ಅಂಟಿತ್ತು ಅಂತ ಬಾಲ್‌ಪೆನ್ನಲ್ಲಿ ಒಂದು ಗೆರೆ ಎಳೆದಿಟ್ಟಿದ್ದೇನೆ. ಅಳತೆ ಮತ್ತೆ ಹುಡುಕುವ ತಲೆನೋವಿಲ್ಲ. ವೆಲ್ಕ್ರೋ ಬಾಯಿ ತೆರೆದುಕೊಂಡು ನೀರಿಗೆ ಬಿದ್ದರೆ ನೂಲು, ಕೂದಲು ಎಲ್ಲ ಕಚ್ಚಿಕೊಂಡು ಅಂಟುವ ಶಕ್ತಿ ಹೋಗುತ್ತದೆ. ಪಟ್ಟಿಯನ್ನು ಸೋಪು ನೀರಲ್ಲಿ ನೆನೆಸಿ ಅದುಮಿ ತೊಳೆಯುವುದು. ಹಿಂಡುವುದಿಲ್ಲ, ಟವೆಲಿನಲ್ಲಿ ಸುತ್ತಿ ಒತ್ತುತ್ತೇನೆ. ಪೈಪಿನೊಳಗೆ ಸೋಪು ನೀರು ತುಂಬಿ ಎರಡೂ ತುದಿ ಹಿಡಿದು ಅಲ್ಲಾಡಿಸಿ ಚೆಲ್ಲಿ, ಬರೀ ನೀರಲ್ಲಿ ತೊಳೆದು ತೂಗುಹಾಕುವುದು. ಬಿಸಿಯಾಗುವ ಪೈಪ್ ಆದರೆ ತುದಿಯ ಕರೆಂಟ್ ಪಿನ್ನು ಪೂರ್ತಿ ಒಣಗದೆ ಮೆಷಿನ್‌ಗೆ ಸಿಕ್ಕಿಸಬೇಡಿ. ನೀರಿನ ಡಬ್ಬಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಹಾಕಿದರೆ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ.

ಇನ್ನು ಒಣಗಿಸುವುದು. ನೆರಳಲ್ಲೇ ಒಣಗಬೇಕು, ಬಿಸಿಲಿಗೆ ಸಿಲಿಕೋನ್, ಪ್ಲಾಸ್ಟಿಕ್ ಎರಡೂ ಹಾಳು. ನಾವಿರುವುದು ಮಲೆನಾಡಿನಲ್ಲಿ. ಆಷಾಢದಲ್ಲಿ ಇಲ್ಲಿ ಬನಿಯನ್ನೇ ಒಣಗುವುದಿಲ್ಲ, ಇನ್ನು ಪೈಪ್ ಒಣಗುತ್ತದೆಯೇ? ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿ ಅಂತ ಮನೆಯಲ್ಲಿ ಸಲಹೆ ಬಂತು. ಬಟ್ಟೆಗೆ ಸರಿ. ಮಾಸ್ಕ್ ಅಲ್ಲಿಗೆ ಹೋದರೆ ಹೊಗೆ ವಾಸನೆ ರಾತ್ರಿಯಿಡೀ ಶ್ವಾಸಕೋಶಕ್ಕೆ. ಹಾಗಾಗಿ ಮಳೆಗಾಲಕ್ಕೆ ನನ್ನ ಉಪಾಯವೇ ಬೇರೆ. ಪಟ್ಟಿಗೆ ಇನ್ನೊಂದು ಜೊತೆ ಇಟ್ಟುಕೊಂಡಿದ್ದೇನೆ, ಕುಶನ್ ಫ್ಯಾನಿನ ಕೆಳಗೆ. ಪೈಪನ್ನು ಮೆಷಿನ್‌ಗೆ ಸಿಕ್ಕಿಸಿ, ನೀರಿನ ಡಬ್ಬಿ ಖಾಲಿ ಮಾಡಿ, ಸುಮ್ನೆ ಗಾಳಿ ಊದಲು ಬಿಡುತ್ತೇನೆ. ಒಳಗಿನ ಹನಿ ಹನಿಯೂ ಹಾರಿಹೋಗುತ್ತದೆ. ಪೈಪನ್ನು ನೆಲದ ಹತ್ತಿರ ಬಿಡಬೇಡಿ, ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕುತ್ತಿರುವುದು ನಾವೊಬ್ಬರೇ ಅಲ್ಲವಲ್ಲ.

ಜೋಡಿಸುವಾಗ ಮೊದಲು ಎಲ್ಬೋ ಕೈಗೆತ್ತಿಕೊಳ್ಳುತ್ತೇನೆ. ಅದರಲ್ಲಿ ಸಣ್ಣ ಸಣ್ಣ ತೂತುಗಳಿವೆ. ನಾವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು, ಸೋರಿಕೆ ಅಲ್ಲ. ಸದ್ದು ಬರುತ್ತದೆ ಅಂತ ಟೇಪ್ ಹಚ್ಚುವವರಿದ್ದಾರೆ, ದಯವಿಟ್ಟು ಬೇಡ. ಬಿಟ್ಟ ಕಾರ್ಬನ್ ಡೈಆಕ್ಸೈಡನ್ನೇ ಮತ್ತೆ ಎಳೆದುಕೊಂಡ ಹಾಗಾಗುತ್ತದೆ. ಸೋಪು ಒಣಗಿ ತೂತು ಕಟ್ಟಿದ್ದರೆ ಮೆದು ಬ್ರಷ್ ಆಡಿಸಿ. ಎಲ್ಬೋ ಒಳಗೆ ಇಣುಕಿದರೆ ತೆಳುವಾದ ಒಂದು ರೆಕ್ಕೆ ಕಾಣುತ್ತದೆ. ಮೆಷಿನ್ ಊದುವಾಗ ಅದು ಎದ್ದು ಹೊರಗಿನ ಕಿಂಡಿ ಮುಚ್ಚುತ್ತದೆ, ಗಾಳಿ ನಿಂತರೆ ಬಿದ್ದು ಕಿಂಡಿ ತೆರೆಯುತ್ತದೆ. ನಡುರಾತ್ರಿ ಕರೆಂಟ್ ಹೋಗುವ ಊರಿನವರಿಗೆ ಇದೇ ಕಾವಲು. ಅದು ಅಂಟಿಕೊಂಡಿದ್ದರೆ, ಹರಿದಿದ್ದರೆ, ಬೇರೆ ಎಲ್ಬೋ ಬರುವವರೆಗೆ ಆ ಮಾಸ್ಕ್ ಹಾಕುವ ಮಾತೇ ಇಲ್ಲ.

ಆಮೇಲೆ ಕುಶನ್. ಚೂಪಾದ ಕಡೆ ಮೂಗಿಗೆ, ಅಗಲದ ಕಡೆ ಗಲ್ಲಕ್ಕೆ. ಫ್ರೇಮಿನ ಸುತ್ತ ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಟಕ್ ಅಂತ ಕೂರುತ್ತದೆ. ಎಲ್ಬೋ ಕೂಡ ಎರಡೂ ಬದಿ ಟಕ್ ಅನ್ನಬೇಕು. ಒಂದೇ ಬದಿ ಕೂತರೂ ನೋಡುವುದಕ್ಕೆ ಸರಿಯಾಗಿಯೇ ಕಾಣುತ್ತದೆ. "ರೀ, ನಿಮ್ ಮಾಸ್ಕು ಸೀಟಿ ಹೊಡೀತಿದೆ" ಅಂತ ಪಕ್ಕದಿಂದ ದೂರು ಬಂದರೆ ಕತ್ತಲಲ್ಲೇ ನಾನು ಮೊದಲು ಮುಟ್ಟಿ ನೋಡುವುದು ಆ ಎರಡು ಬದಿಯನ್ನು.

ಪಟ್ಟಿಯ ಕೆಳಗಿನ ಕ್ಲಿಪ್‌ಗಳಲ್ಲಿ ಅಯಸ್ಕಾಂತ ಇದ್ದರೆ ಒಂದು ಮಾತು. ಪೇಸ್‌ಮೇಕರ್‌ನಂಥ ಸಾಧನದಿಂದ ಅದು ಕನಿಷ್ಠ 6 ಇಂಚು ದೂರ ಇರಬೇಕು. ಹಾಕಿಕೊಳ್ಳುವವರಿಗಷ್ಟೇ ಅಲ್ಲ, ಪಕ್ಕದಲ್ಲಿ ಮಲಗುವವರಿಗೂ ಇದು ಅನ್ವಯ. ಅಂಥವರು ಮನೆಯಲ್ಲಿದ್ದರೆ ಅಯಸ್ಕಾಂತ ಇಲ್ಲದ ಮಾಸ್ಕ್ ಬೇಕು ಅಂತ ಡಾಕ್ಟರಲ್ಲಿ ಕೇಳಿ.

ಕೊನೆಯ ಪರೀಕ್ಷೆ ಹಾಸಿಗೆಯಲ್ಲೇ, ಮಲಗಿಕೊಂಡೇ. ಕೂತಾಗ ಇರುವ ಮುಖವೇ ಬೇರೆ, ಮಲಗಿದಾಗಿನ ಮುಖವೇ ಬೇರೆ. ಕೆನ್ನೆ ಪಕ್ಕಕ್ಕೆ ಜಾರುತ್ತದೆ, ಗಲ್ಲ ಸಡಿಲವಾಗುತ್ತದೆ. ನನ್ನದು 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ತಾನೇ ಪ್ರೆಶರ್ ಏರಿಸಿಕೊಳ್ಳುವ ಮೆಷಿನ್. ಹಚ್ಚಿದ ತಕ್ಷಣ ಮೆಲ್ಲಗೆ ಊದುವಾಗ ಎಲ್ಲ ಸರಿ ಇರುತ್ತದೆ, ಸೋರುವುದು ಆಮೇಲೆ ಜೋರಾದಾಗ. ಅದಕ್ಕೇ ಮಾಸ್ಕ್ ಫಿಟ್ ಅನ್ನುವ ಆಯ್ಕೆ ಒತ್ತಿ, ಜೋರು ಗಾಳಿಯಲ್ಲೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ ನೋಡುತ್ತೇನೆ. ಸೋರಿದರೆ ಪಟ್ಟಿ ಬಿಗಿಯುವ ಮೊದಲು ಮಾಸ್ಕನ್ನು ಮುಖದಿಂದ ತುಸು ಎತ್ತಿ ಮತ್ತೆ ಕೂರಿಸಿ. ಒಳಗೆ ಮಡಚಿಕೊಂಡಿದ್ದ ತೆಳು ಪದರ ಬಿಚ್ಚಿಕೊಳ್ಳುತ್ತದೆ, ಎಷ್ಟೋ ಸಲ ಅಷ್ಟರಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ಮಾಡಿಯೂ ಸೋರಿದರೆ ಕುಶನ್‌ಗೆ ವಯಸ್ಸಾಗಿದೆ. ಅಂಚು ಅಲೆ ಅಲೆಯಾಗಿ, ಬಣ್ಣ ಮಬ್ಬಾಗಿ, ತೊಳೆದರೂ ಅಂಟಂಟು ಹೋಗದಿದ್ದರೆ ಬದಲಿಸುವುದೇ. ಇಡೀ ಮಾಸ್ಕ್ ಕೊಳ್ಳಬೇಕಿಲ್ಲ, ಕುಶನ್ ಬಿಡಿಯಾಗಿಯೂ ಸಿಗುತ್ತದೆ. ಅಂಗಡಿಯವರು ಕೆಲವೊಮ್ಮೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಕೇಳಬೇಕು. ಹೋಗುವಾಗ ಹಳೇ ಕುಶನ್ ಜೇಬಲ್ಲಿರಲಿ. ಸೈಜು ಅದರ ಮೇಲೇ ಅಚ್ಚಾಗಿರುತ್ತದೆ.