ಖಾಲಿ ಪ್ಯಾಚ್‌ನಿಂದ ಶುರು: ನಾನು ಸಿಂಥ್ ಆರಿಸಿದ್ದು, ಸದ್ದು ಕಟ್ಟಿದ್ದು

ಸಿಂಥಸೈಜರ್ ಬೇಕು ಅನ್ನಿಸಿದಾಗ ನನ್ನ ಹತ್ತಿರ ಆಗಲೇ ಒಂದು ಕೀಬೋರ್ಡ್ ಇತ್ತು. ನೂರಾರು ವಾದ್ಯಗಳ ಸದ್ದು, ತಾಳಗಳು, ಸ್ಪೀಕರ್ ಎಲ್ಲಾ ಅದರಲ್ಲೇ ಇದ್ದವು. ಆದರೆ ಇರುವುದರಲ್ಲಿ ಒಂದನ್ನು ಆರಿಸಿ ಬಾರಿಸಬಹುದಿತ್ತು, ಅಷ್ಟೇ. ನನಗೆ ಬೇಕಾಗಿದ್ದು ಸದ್ದನ್ನು ನಾನೇ ಕಟ್ಟಬಹುದಾದ ಯಂತ್ರ. ಹಾಗಾಗಿ ಎಷ್ಟು ಪ್ರೀಸೆಟ್, ಅಂದರೆ ಸಿದ್ಧ ಸದ್ದು, ಇವೆ ಅನ್ನೋ ಲೆಕ್ಕವನ್ನೇ ಬಿಟ್ಟೆ. ಎಷ್ಟು ಕೆಲಸಗಳಿಗೆ ಬೇರೆ ಬೇರೆ ನಾಬ್ ಇದೆ ಅಂತ ನೋಡತೊಡಗಿದೆ.

ಈ ಕಣ್ಣಿನಿಂದ ನೋಡಿದರೆ ಕಡಿಮೆ ಬೆಲೆಯ ಸಿಂಥ್‌ಗಳ ಗುಣ ಬೇಗ ತಿಳಿಯುತ್ತದೆ. ಕಾರ್ಗ್‌ನ ಮೈಕ್ರೋಕಾರ್ಗ್ 2002ರಿಂದ ಇದೆ, 128 ಪ್ರೋಗ್ರಾಂ (ಉಳಿಸಿಟ್ಟ ಸದ್ದು) ಹಿಡಿಸುತ್ತದೆ, ಸದ್ದೂ ಚೆನ್ನ. ಆದರೆ ಸದ್ದಿನ ಯಾವ ಭಾಗವನ್ನು ತಿದ್ದಬೇಕೋ ಅದನ್ನು ಮೊದಲು ಆರಿಸಿಕೊಂಡು, ಆಮೇಲೆ ಅದೇ ಐದು ನಾಬ್‌ಗಳನ್ನು ತಿರುಗಿಸಬೇಕು. ಬಾರಿಸೋರಿಗೆ ಸರಿ, ಕಲಿಯೋರಿಗೆ ತಲೆನೋವು. ಯಮಹಾದ ರಿಫೇಸ್ ಸಿಎಸ್‌ನಲ್ಲಿ ಎಲ್ಲವೂ ಕೈಗೆ ಸಿಗುವ ಸ್ಲೈಡರ್‌ಗಳು, ಸ್ಪೀಕರ್ ಕೂಡ ಇದೆ, ಆದರೆ ಮಾಡಿದ ಸದ್ದನ್ನು ಒಳಗೆ ಉಳಿಸಿಕೊಳ್ಳಲು ಜಾಗವಿಲ್ಲ. ಆರ್ಟೂರಿಯಾದ ಮೈಕ್ರೋಫ್ರೀಕ್ ತುಂಬಾ ಹಿಡಿಸಿತು. ಅದರ 25 ಕೀಗಳು ಒತ್ತುವಂಥವಲ್ಲ, ಮುಟ್ಟುವಂಥವು. ನನ್ನ ಬೆರಳಿಗೆ ಅದು ಒಗ್ಗಲಿಲ್ಲ.

ಕೊನೆಗೆ ಬಳಸಿದ ಕಾರ್ಗ್ ಮಿನಿಲಾಗ್ ಒಂದನ್ನು ಕೊಂಡೆ. ಸ್ವಲ್ಪ ಸಣ್ಣ ಅಳತೆಯ 37 ಕೀಗಳು, ಒಟ್ಟಿಗೆ ನಾಲ್ಕು ಸ್ವರ, 200 ಪ್ರೋಗ್ರಾಂಗೆ ಜಾಗ. ಎರಡು ಕೈಯಲ್ಲಿ ದೊಡ್ಡ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯೋರಿಗೆ ನಾಲ್ಕು ಸ್ವರ ಸಾಲದು. ನನಗೆ ಸಾಕಾಗಿತ್ತು. ಸ್ಪೀಕರ್ ಇಲ್ಲ, ಹೆಡ್‌ಫೋನ್ ಬೇಕೇ ಬೇಕು.

ಬಳಸಿದ್ದನ್ನು ಕೊಳ್ಳುವಾಗ ನಾನು ಮಾಡಿದ ಪರೀಕ್ಷೆ ಸರಳ. ಪ್ರತಿ ಕೀಯನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿದೆ. ಪ್ರತಿ ನಾಬನ್ನೂ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸಿ, ಸದ್ದು ನಡುವೆ ಎಗರುತ್ತದಾ ಅಂತ ಕೇಳಿದೆ. ಆಮೇಲೆ ಒಂದೇ ಕೀಯನ್ನು ಮತ್ತೆ ಮತ್ತೆ ತಟ್ಟಿದೆ, ನಾಲ್ಕು ಕೀಗಳನ್ನು ಒಟ್ಟಿಗೆ ಹಿಡಿದೂ ನೋಡಿದೆ. ಅನಲಾಗ್ ಸಿಂಥ್‌ನಲ್ಲಿ ಒಟ್ಟಿಗೆ ಬಾರಿಸಬಹುದಾದ ಪ್ರತಿ ಸ್ವರಕ್ಕೂ ಬೇರೆಯದೇ ಸರ್ಕ್ಯೂಟ್ ಇರುತ್ತದೆ, ಕೀ ಒತ್ತಿದಂತೆ ಅವು ಸರದಿಯಲ್ಲಿ ಬರುತ್ತವೆ. ಒಂದು ಕೆಟ್ಟಿದ್ದರೆ ಅದರ ಸರದಿ ಬಂದಾಗ ಮಾತ್ರ ಅಪಶ್ರುತಿ ಕೇಳುತ್ತದೆ.

ಮನೆಗೆ ತಂದ ಮೇಲೆ ಪ್ರೀಸೆಟ್‌ಗಳನ್ನು ಪಕ್ಕಕ್ಕಿಟ್ಟೆ. ಸಿದ್ಧ ಸದ್ದನ್ನು ತಿದ್ದುತ್ತಾ ಕಲಿಯಿರಿ ಅಂತ ಹಲವರು ಹೇಳುತ್ತಾರೆ. ನಾನು ಒಪ್ಪಲ್ಲ. ಹತ್ತು ಸಂಗತಿಗಳು ಒಟ್ಟಿಗೆ ನಡೆಯುತ್ತಿರುವಾಗ ಯಾವುದು ಏನು ಮಾಡುತ್ತಿದೆ ಅಂತ ಕಿವಿಗೆ ಹೇಗೆ ಗೊತ್ತಾಗಬೇಕು? ಖಾಲಿ ಪ್ಯಾಚ್ (ಒಂದು ಸದ್ದಿಗೆ ಬೇಕಾದ ನಾಬ್‌ಗಳ ಜೋಡಣೆ) ತೆಗೆದೆ: ಒಂದೇ ಆಸಿಲೇಟರ್ (ಮೂಲ ಸದ್ದು ಹುಟ್ಟಿಸುವ ಭಾಗ), ಸಾ ವೇವ್ (ಗರಗಸದ ಹಲ್ಲಿನ ಆಕಾರದ ಅಲೆ), ಫಿಲ್ಟರ್ ಪೂರ್ತಿ ತೆರೆದದ್ದು, ಎಫೆಕ್ಟ್ ಇಲ್ಲ. ಕೇಳಲು ಒರಟು, ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಆದರೆ ಅದರಲ್ಲಿ ಸರಕು ತುಂಬಾ ಇದೆ. 110 ಹರ್ಟ್ಜ್‌ನ ಸ್ವರ ಬಾರಿಸಿದರೆ 220, 330, 440 ಹೀಗೆ ಮೇಲಿನ ಎಲ್ಲಾ ಹಾರ್ಮೋನಿಕ್‌ಗಳೂ (ಮೂಲ ಸ್ವರದ ಗುಣಿತಗಳು) ಅದರಲ್ಲಿವೆ. ಸ್ಕ್ವೇರ್ ವೇವ್‌ಗೆ ಬದಲಾಯಿಸಿದರೆ ಬೆಸಸಂಖ್ಯೆಯವು ಮಾತ್ರ, ಅಂದರೆ 110, 330, 550. ಅದಕ್ಕೇ ಅದು ಕ್ಲಾರಿನೆಟ್ ಹಾಗೆ ಟೊಳ್ಳಾಗಿ ಕೇಳುತ್ತದೆ. ಫಿಲ್ಟರ್ ಈ ಸರಕಿನಲ್ಲಿ ಮೇಲಿನದ್ದನ್ನು ತೆಗೆಯುತ್ತದೆ. ಎಲ್ಲಿಂದ ಮೇಲೆ ತೆಗೆಯಬೇಕು ಅನ್ನೋ ಗಡಿಯೇ ಕಟಾಫ್, ಅದನ್ನು ಇಳಿಸಿದಷ್ಟೂ ಸದ್ದು ಮಂಕು.

ಎಲ್ಲರೂ ಮೊದಲು ಕಟಾಫ್ ನಾಬಿಗೇ ಕೈ ಹಾಕುತ್ತಾರೆ, ಮಜವಾಗಿರುತ್ತದೆ ಅಲ್ವಾ. ನಾನು ಮಾತ್ರ ಈಗಲೂ ಎನ್ವೆಲಪ್‌ನಿಂದ, ಅಂದರೆ ಸದ್ದಿನ ಏರಿಳಿತದ ಆಕಾರದಿಂದ, ಶುರು ಮಾಡುತ್ತೇನೆ. ಸದ್ದು ಎಷ್ಟು ಬೇಗ ಏರುತ್ತದೆ ಅನ್ನೋದು ಅಟ್ಯಾಕ್, ಏರಿದ ಮೇಲೆ ಎಷ್ಟು ಬೇಗ ಇಳಿಯುತ್ತದೆ ಅನ್ನೋದು ಡಿಕೇ. ಕೀ ಒತ್ತಿ ಹಿಡಿದಾಗ ಯಾವ ಮಟ್ಟದಲ್ಲಿ ನಿಲ್ಲುತ್ತದೆ ಅನ್ನೋದು ಸಸ್ಟೇನ್, ಕೈ ಬಿಟ್ಟ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ ಅನ್ನೋದು ರಿಲೀಸ್. ಅದೇ ಸಾ ವೇವ್ ಇಟ್ಟುಕೊಂಡು ಅಟ್ಯಾಕ್ ಸೊನ್ನೆ, ಡಿಕೇ ಚಿಕ್ಕದು, ಸಸ್ಟೇನ್ ಸೊನ್ನೆ ಮಾಡಿದೆ. ತಂತಿ ಮೀಟಿದ ಹಾಗಾಯಿತು. ಅಟ್ಯಾಕ್ ಒಂದು ಸೆಕೆಂಡಿಗೆ ಎಳೆದು ಸಸ್ಟೇನ್ ಪೂರ್ತಿ ಕೊಟ್ಟೆ. ಕಮಾನು ಎಳೆದ ಹಾಗಾಯಿತು. ವೇವ್ ಮುಟ್ಟಿಯೇ ಇರಲಿಲ್ಲ.

ಮೊದಲು ಕಟ್ಟಿದ ಪೂರ್ತಿ ಸದ್ದು ತುತ್ತೂರಿಯ (ಟ್ರಂಪೆಟ್) ಥರದ್ದು. ಇದಕ್ಕೊಂದು ಹಿನ್ನೆಲೆಯಿದೆ. 1960ರ ದಶಕದಲ್ಲಿ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಫ್ರೆಂಚ್ ಸಂಗೀತ ಸಂಯೋಜಕ ಜಾನ್-ಕ್ಲೋಡ್ ರಿಸೆ ಟ್ರಂಪೆಟ್ ಸದ್ದನ್ನು ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿದರು. ಸದ್ದು ಜೋರಾದಷ್ಟೂ ಮೇಲಿನ ಹಾರ್ಮೋನಿಕ್‌ಗಳು ಜಾಸ್ತಿಯಾಗುತ್ತವೆ ಅಂತ ಕಂಡುಕೊಂಡರು. ಸಿಂಥ್‌ನಲ್ಲಿ ಇದನ್ನು ಫಿಲ್ಟರ್‌ನ ಎನ್ವೆಲಪ್‌ನಿಂದ ಮಾಡಬಹುದು. ಕಟಾಫ್ ಕೆಳಗಿಟ್ಟೆ. ಎನ್ವೆಲಪ್ ಅದನ್ನು ಎಷ್ಟು ಮೇಲಕ್ಕೆ ತಳ್ಳಬೇಕು ಅನ್ನುವ ನಾಬನ್ನು ಏರಿಸಿದೆ. ವಾಲ್ಯೂಮಿನ ಅಟ್ಯಾಕ್‌ಗಿಂತ ಫಿಲ್ಟರ್‌ನ ಅಟ್ಯಾಕನ್ನು ಚೂರು ನಿಧಾನ ಮಾಡಿದೆ. ಮೊದಲು ಸದ್ದು, ಹಿಂದೆಯೇ ಹೊಳಪು. ಆ ಚೂರು ಎಷ್ಟು ಅನ್ನೋದರಲ್ಲೇ ಎಲ್ಲಾ ಇದೆ. ಜಾಸ್ತಿಯಾದರೆ ವಾ ವಾ ಅನ್ನುತ್ತದೆ, ಕಡಿಮೆಯಾದರೆ ಸುಮ್ನೆ ಆರ್ಗನ್.

ಆಮೇಲೆ ಎರಡನೇ ಆಸಿಲೇಟರ್ ಸೇರಿಸಿ, ಶ್ರುತಿಯನ್ನು ಕೂದಲೆಳೆಯಷ್ಟು ಸರಿಸಿದೆ. ಒಂದು 440 ಹರ್ಟ್ಜ್, ಇನ್ನೊಂದು 442 ಆದರೆ ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತದೆ. ಎರಡು ಸಾ ವೇವ್‌ಗೆ ದಪ್ಪ ಬರುವುದು ಇದರಿಂದಲೇ. ಎರಡು ಆಕ್ಟೇವ್ (ಸ್ಥಾಯಿ) ಮೇಲೆ ಸ್ವರದ ಜೊತೆ ಈ ಅಂತರವೂ ನಾಲ್ಕರಷ್ಟಾಗಿ ಸೆಕೆಂಡಿಗೆ ಎಂಟು ಸಲ ನಡುಗುತ್ತದೆ, ಆದ್ದರಿಂದ ಡಿಟ್ಯೂನನ್ನು, ಅಂದರೆ ಶ್ರುತಿ ಎಷ್ಟು ಸರಿಸಬೇಕು ಅನ್ನೋದನ್ನು, ಯಾವಾಗಲೂ ಮೇಲಿನ ಕೀಗಳಲ್ಲಿ ಕೇಳಿ ತೀರ್ಮಾನಿಸುತ್ತೇನೆ. ಸದ್ದನ್ನು ನಿಧಾನವಾಗಿ ಅಲುಗಾಡಿಸುವ ಎಲ್‌ಎಫ್‌ಒ ಬಗ್ಗೆ ಹೆಚ್ಚು ಹೇಳೋದಿಲ್ಲ. ಕೇಳಿಯೂ ಕೇಳದಷ್ಟು ಹಾಕಿದರೆ ಸಾಕು.

ಇನ್ನೊಂದು ತೊಡಕು ಉಳಿದಿತ್ತು. ಕೆಳಗಿನ ಕೀಗಳಲ್ಲಿ ಖಡಕ್ಕಾಗಿದ್ದ ತುತ್ತೂರಿ ಮೇಲೆ ಹೋದಂತೆ ಮಂಕಾಗುತ್ತಿತ್ತು. ಸ್ವರ ಏರಿದರೂ ಕಟಾಫ್ ಇದ್ದಲ್ಲೇ ಇರುತ್ತದೆ, ಹಾಗಾಗಿ ಹಾರ್ಮೋನಿಕ್‌ಗಳು ಅದರಾಚೆಗೆ ಹೋಗಿ ಕತ್ತರಿಸಿಹೋಗುತ್ತವೆ. ಸ್ವರದ ಜೊತೆ ಕಟಾಫನ್ನೂ ಏರಿಸುವ ಕೀ ಟ್ರ್ಯಾಕ್ ಸ್ವಿಚ್ಚನ್ನು 50 ಪ್ರತಿಶತಕ್ಕೆ ಇಟ್ಟಾಗ ಸರಿಹೋಯಿತು. 100ಕ್ಕೆ ಇಟ್ಟರೆ ಮೇಲಿನ ಸ್ವರಗಳು ಕಿವಿಗೆ ಚುಚ್ಚುತ್ತಿದ್ದವು. ಡಿಲೇ (ಪ್ರತಿಧ್ವನಿಯ ಎಫೆಕ್ಟ್) ಹಾಕಿದ್ದು ಇದೆಲ್ಲಾ ಮುಗಿದ ಮೇಲೆಯೇ. ಆ ಪ್ಯಾಚನ್ನು 101ನೇ ಜಾಗದಲ್ಲಿ ಉಳಿಸಿದೆ, ಮೊದಲ 100 ಕಂಪನಿಯವೇ ಇವೆ.