ವೈಫೈ ಎಪಿಗಳಿಗೆ ಆಟೋ ಚಾನೆಲ್, ಆಟೋ ಪವರ್: ಬೇಲಿ ಹಾಕಿ ಬಿಡುವ ಕ್ರಮ

ನಲವತ್ತು ಐವತ್ತು ಎಪಿಗಳಿರುವ, ಅಂದರೆ ವೈಫೈ ಕೊಡುವ ಆಕ್ಸೆಸ್ ಪಾಯಿಂಟ್‌ಗಳಿರುವ ಕಾಲೇಜು ಅಥವಾ ಹಾಸ್ಟೆಲ್ ಕಟ್ಟಡದಲ್ಲಿ ಪ್ರತಿ ರೇಡಿಯೋಗೂ ಕೈಯಿಂದಲೇ ಚಾನೆಲ್, ಪವರ್ ಕೊಡುತ್ತ ಕೂರುವುದು ಆಗದ ಕೆಲಸ. ಅದಕ್ಕೇ ಎಲ್ಲ ಎಪಿಗಳನ್ನೂ ಒಂದೆಡೆಯಿಂದ ನಡೆಸುವ ಕಂಟ್ರೋಲರ್‌ಗಳಲ್ಲಿ ಆಟೋ ವ್ಯವಸ್ಥೆ ಇದೆ. ಸಿಸ್ಕೋದಲ್ಲಿ ಅದರ ಹೆಸರು ಆರ್‌ಆರ್‌ಎಂ (ರೇಡಿಯೋ ರಿಸೋರ್ಸ್ ಮ್ಯಾನೇಜ್‌ಮೆಂಟ್). ಈ ಬರಹದಲ್ಲಿ ಕ್ಯಾಟಲಿಸ್ಟ್ 9800 ಕಂಟ್ರೋಲರ್ ಅನ್ನೇ ಹಿಡಿದು ಹೇಳಿದ್ದೇವೆ. ಬೇರೆ ಕಂಪನಿಯದಾದರೆ ಮೆನು ಬೇರೆ, ತತ್ವ ಹೆಚ್ಚುಕಮ್ಮಿ ಇದೇ.

ಆಟೋ ಆನ್ ಮಾಡಿದರೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ ಎಂದುಕೊಳ್ಳುವಲ್ಲೇ ತೊಂದರೆ ಶುರು. ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಮಿನಿಮಮ್ ಪವರ್ ಮೈನಸ್ 10 ಡಿಬಿಎಂ (ಪವರ್ ಅಳೆಯುವ ಮಾನ; ಮೈನಸ್ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ಜೋರು), ಮ್ಯಾಕ್ಸಿಮಮ್ 30 ಡಿಬಿಎಂ, ಚಾನೆಲ್ ಲೆಕ್ಕ ಪ್ರತಿ 10 ನಿಮಿಷಕ್ಕೊಮ್ಮೆ. ಅಂದರೆ ಮಿತಿಯೇ ಇಲ್ಲ. ಯಾವ ಚಾನೆಲ್‌ಗಳು, ಎಷ್ಟು ಅಗಲ, ಎಷ್ಟರಿಂದ ಎಷ್ಟರವರೆಗೆ ಪವರ್, ಯಾವ ಹೊತ್ತಿನಲ್ಲಿ ಬದಲಾವಣೆ ಎಂಬ ಬೇಲಿಯನ್ನು ನೀವು ಹಾಕಬೇಕು. ಅದರೊಳಗೆ ಓಡಾಡುವ ಕೆಲಸ ಮಾತ್ರ ಆರ್‌ಆರ್‌ಎಂನದು.

ಅದು ಹೇಗೆ ಯೋಚಿಸುತ್ತದೆ

ಪ್ರತಿ ಎಪಿಯೂ ಆಗಾಗ ಎಲ್ಲ ಚಾನೆಲ್‌ಗಳಲ್ಲೂ ನೆರೆಹೊರೆಯ ಎಪಿಗಳಿಗಾಗಿ ಒಂದು ಸಣ್ಣ ಪ್ಯಾಕೆಟ್ ಕಳಿಸುತ್ತದೆ. ಇದನ್ನು ಎನ್‌ಡಿಪಿ (ನೇಬರ್ ಡಿಸ್ಕವರಿ ಪ್ರೋಟೋಕಾಲ್) ಎನ್ನುತ್ತಾರೆ. ಎಪಿ ಆ ಹೊತ್ತಿಗೆ ಎಷ್ಟೇ ಕಡಿಮೆ ಪವರ್‌ನಲ್ಲಿ ಓಡುತ್ತಿದ್ದರೂ ಎನ್‌ಡಿಪಿ ಮಾತ್ರ ಪೂರ್ತಿ ಪವರ್‌ನಲ್ಲೇ ಹೋಗುತ್ತದೆ. ಯಾರಿಗೆ ಯಾರ ಸದ್ದು ಎಷ್ಟು ಜೋರಾಗಿ ಕೇಳುತ್ತಿದೆ ಎಂಬ ಪಟ್ಟಿ ಇದರಿಂದ ತಯಾರಾಗುತ್ತದೆ. ಮೈನಸ್ 80 ಡಿಬಿಎಂ ಅಥವಾ ಅದಕ್ಕಿಂತ ಜೋರಾಗಿ ಒಬ್ಬರಿಗೊಬ್ಬರು ಕೇಳಿಸಿಕೊಳ್ಳುವ ಎಪಿಗಳಿದ್ದು, ಆರ್‌ಎಫ್ ಗ್ರೂಪ್ ಹೆಸರೂ (ಕಂಟ್ರೋಲರ್‌ಗಳಿಗೆ ಕೊಡುವ ಗುಂಪಿನ ಹೆಸರು) ಒಂದೇ ಆಗಿದ್ದರೆ, ಅವುಗಳ ಕಂಟ್ರೋಲರ್‌ಗಳೆಲ್ಲ ಸೇರಿ ಒಬ್ಬ ಲೀಡರ್ ಕೈಗೆ ಲೆಕ್ಕ ಬಿಡುತ್ತವೆ. ಎರಡು ಕಂಟ್ರೋಲರ್ ಇರುವಲ್ಲಿ ಈ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅವು ಪರಸ್ಪರರ ಎಪಿಗಳನ್ನು ಹೊರಗಿನವೆಂದೇ ಎಣಿಸುತ್ತವೆ. ಇದನ್ನು ಮೊದಲೇ ನೋಡಿಕೊಳ್ಳಿ.

ಪವರ್ ಲೆಕ್ಕ ಸರಳ. ಮೂರನೇ ಅತಿ ಜೋರಾದ ನೆರೆಯ ಎಪಿಗೆ ನಿಮ್ಮ ಎಪಿಯ ಸದ್ದು ಎಷ್ಟು ಕೇಳುತ್ತದೆ ಎಂದು ನೋಡಿ, ಅದು ಥ್ರೆಶೋಲ್ಡ್‌ಗೆ, ಅಂದರೆ ನಿಗದಿತ ಮಿತಿಗೆ, ಇಳಿಯುವಷ್ಟು ಪವರ್ ತಗ್ಗಿಸುವುದು. ಡೀಫಾಲ್ಟ್ ಥ್ರೆಶೋಲ್ಡ್ ಮೈನಸ್ 70. ಉದಾಹರಣೆಗೆ ಎಪಿಯ ಗರಿಷ್ಠ ಪವರ್ 20 ಡಿಬಿಎಂ, ಮೂರನೇ ನೆರೆಗೆ ಕೇಳುವುದು ಮೈನಸ್ 60. ಹತ್ತು ಡಿಬಿ ಹೆಚ್ಚಾಯಿತು, ಹಾಗಾಗಿ ಗುರಿ 10 ಡಿಬಿಎಂ. ಥ್ರೆಶೋಲ್ಡ್ ಅನ್ನು ಮೈನಸ್ 65 ಮಾಡಿದರೆ ಗುರಿ 15ಕ್ಕೆ ಏರುತ್ತದೆ. ಪವರ್ ಲೆವೆಲ್ 1 ಎಂದರೆ ಗರಿಷ್ಠ. ಲೆವೆಲ್ ಸಂಖ್ಯೆ ಒಂದೊಂದು ಹೆಚ್ಚಿದಂತೆ ಸುಮಾರು 3 ಡಿಬಿ, ಅಂದರೆ ಅರ್ಧದಷ್ಟು ಪವರ್ ಕಡಿಮೆ.

ಈ ಲೆಕ್ಕದಿಂದ ಎರಡು ವಿಷಯ ತಿಳಿಯುತ್ತದೆ. ಮೂರು ನೆರೆಗಳಿಲ್ಲದಿದ್ದರೆ, ಅಂದರೆ ಒಟ್ಟು ನಾಲ್ಕು ಎಪಿ ಪರಸ್ಪರ ಕೇಳಿಸದಿದ್ದರೆ, ಆಟೋ ಪವರ್ ಏನನ್ನೂ ಇಳಿಸುವುದಿಲ್ಲ. ಎರಡು ಮೂರು ಎಪಿಯ ಸಣ್ಣ ಆಫೀಸಿಗೆ ಪವರ್ ಅನ್ನು ಕೈಯಿಂದಲೇ ಕೊಡಿ, ಅಥವಾ ಕನಿಷ್ಠ ಮ್ಯಾಕ್ಸಿಮಮ್ ಮಿತಿಯನ್ನಾದರೂ ಹಾಕಿ. ಎರಡನೆಯದು ಇನ್ನೂ ಮುಖ್ಯ: ಎಪಿಗೆ ಎಪಿ ಎಷ್ಟು ಕೇಳುತ್ತದೆ ಎಂಬುದಷ್ಟೇ ಈ ಲೆಕ್ಕಕ್ಕೆ ಗೊತ್ತು. ಕೋಣೆಯೊಳಗೆ ಮಂಚದ ಮೇಲೆ ಕೂತವನ ಫೋನಿಗೆ ಎಷ್ಟು ಕೇಳುತ್ತದೆ ಎಂಬುದು ಗೊತ್ತಿಲ್ಲ.

ಕಾರಿಡಾರ್‌ನಲ್ಲಿ ಎಪಿ: ಅತಿ ಹೆಚ್ಚು ಕಾಣುವ ತಪ್ಪು

ನಮ್ಮ ಹಾಸ್ಟೆಲ್‌ಗಳಲ್ಲಿ ಕೇಬಲ್ ಎಳೆಯಲು ಸುಲಭವೆಂದು ಎಪಿಗಳನ್ನು ಕಾರಿಡಾರ್ ಉದ್ದಕ್ಕೂ ಸಾಲಾಗಿ ಹಾಕುತ್ತಾರೆ. ನಡುವೆ ಗೋಡೆ ಇಲ್ಲದ್ದರಿಂದ ಅವು ಒಂದಕ್ಕೊಂದು ಮೈನಸ್ 50ರಷ್ಟು ಜೋರಾಗಿ ಕೇಳುತ್ತವೆ. ಆರ್‌ಆರ್‌ಎಂ ಪಾಪ, ಎಪಿ ತೀರಾ ಹತ್ತಿರ ಹತ್ತಿರ ಇವೆ ಎಂದು ತಿಳಿದು ಪವರ್ ಅನ್ನು ಲೆವೆಲ್ 7, 8ಕ್ಕೆ ಇಳಿಸುತ್ತದೆ. ಆದರೆ ಕೋಣೆಯವರಿಗೂ ಎಪಿಗೂ ನಡುವೆ 9 ಇಂಚಿನ ಇಟ್ಟಿಗೆ ಗೋಡೆ, ಅದಕ್ಕೆ ಒತ್ತಿಕೊಂಡು ಒಂದು ಸ್ಟೀಲ್ ಬೀರು, ಕೆಲವು ಕಡೆ ಬಾತ್‌ರೂಮ್ ಬೇರೆ. ಕಾರಿಡಾರ್‌ನಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿದರೆ ಭರ್ಜರಿ, ಒಳಗೆ ಹೋದರೆ ಒಂದು ಕಡ್ಡಿ. ಕರಾವಳಿಯ ಹಳೆಯ ಕೆಂಪುಕಲ್ಲಿನ ಕಟ್ಟಡಗಳಲ್ಲಿ ಗೋಡೆ ದಪ್ಪ ಇರುವುದರಿಂದ ಇದು ಇನ್ನೂ ಜಾಸ್ತಿ.

ಸರಿಯಾದ ಪರಿಹಾರ ಎಪಿಯನ್ನು ಕೋಣೆಯೊಳಗೆ ಹಾಕುವುದು: ಎಡಕ್ಕೊಂದು ಬಲಕ್ಕೊಂದು, ಅಂಕುಡೊಂಕಾಗಿ, ಮೇಲಿನ ಮಹಡಿಯಲ್ಲಿ ಅದೇ ಜಾಗದ ನೆತ್ತಿಗೆ ಬಾರದಂತೆ. ಅದು ಸಾಧ್ಯವಿಲ್ಲದಿದ್ದರೆ ಆ ಬ್ಲಾಕಿಗೆಂದೇ ಬೇರೆ ಆರ್‌ಎಫ್ ಪ್ರೊಫೈಲ್ (ಚಾನೆಲ್, ಪವರ್ ಸೆಟ್ಟಿಂಗ್‌ಗಳ ಕಟ್ಟು) ಮಾಡಿ ಮಿನಿಮಮ್ ಪವರ್ ಅನ್ನು 14 ಡಿಬಿಎಂಗೆ ಏರಿಸಿ. ಆಗ ಕಾರಿಡಾರ್‌ನಲ್ಲಿ ಎಪಿಗಳು ಒಂದರ ಮಾತಿಗೆ ಒಂದು ಅಡ್ಡ ಬರುವುದು ಹೆಚ್ಚುತ್ತದೆ, ಆದ್ದರಿಂದ ಚಾನೆಲ್ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಲೇಬೇಕು. ಕೆಟ್ಟ ಜಾಗದಲ್ಲಿ ಕೂತ ಎಪಿಯನ್ನು ಯಾವ ಆಟೋ ಲೆಕ್ಕವೂ ಪೂರ್ತಿ ಸರಿಮಾಡಲಾರದು.

ಕಂಟ್ರೋಲರ್‌ನಲ್ಲಿ ಮಾಡಬೇಕಾದ್ದು

ಮೊದಲು ಕಂಟ್ರಿ ಕೋಡ್. ಅದು ಇಂಡಿಯಾ ಎಂದೇ ಇರಬೇಕು. ಭಾರತದಲ್ಲಿ 2018ರ ಅಕ್ಟೋಬರ್ ಅಧಿಸೂಚನೆಯ ನಂತರ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್‌ವರೆಗಿನ ಪಟ್ಟಿಗಳು ವೈಫೈಗೆ ಲೈಸೆನ್ಸ್ ಇಲ್ಲದೆ ಸಿಗುತ್ತವೆ. ಹಳೆಯ ಮಾಡೆಲ್‌ನ ಎಪಿಗಳಲ್ಲಿ ಆಮೇಲೆ ತೆರೆದ ಚಾನೆಲ್‌ಗಳು ಇಲ್ಲದಿರಬಹುದು, ಆದ್ದರಿಂದ ಎಪಿಯ ವಿವರದಲ್ಲಿ ಅನುಮತಿ ಇರುವ ಚಾನೆಲ್ ಪಟ್ಟಿ ತೆಗೆದು ನೋಡಿ.

ನಂತರ ಕಾನ್ಫಿಗರೇಶನ್, ಟ್ಯಾಗ್ಸ್ ಅಂಡ್ ಪ್ರೊಫೈಲ್ಸ್, ಆರ್‌ಎಫ್/ರೇಡಿಯೋ ಎಂಬಲ್ಲಿಗೆ ಹೋಗಿ 5 ಗಿಗಾಹರ್ಟ್ಸ್‌ಗೆ ಒಂದು, 2.4ಕ್ಕೆ ಒಂದು ಪ್ರೊಫೈಲ್ ಮಾಡಿ. ತರಗತಿ ಮತ್ತು ಆಫೀಸ್ ಬ್ಲಾಕಿಗೆ ಈ ಬೆಲೆಗಳಿಂದ ಶುರು ಮಾಡಬಹುದು:

5 ಗಿಗಾಹರ್ಟ್ಸ್: ಮಿನಿಮಮ್ 11, ಮ್ಯಾಕ್ಸಿಮಮ್ 17 ಡಿಬಿಎಂ, ಥ್ರೆಶೋಲ್ಡ್ ಮೈನಸ್ 67.
2.4 ಗಿಗಾಹರ್ಟ್ಸ್: ಮಿನಿಮಮ್ 5, ಮ್ಯಾಕ್ಸಿಮಮ್ 11 ಡಿಬಿಎಂ, ಥ್ರೆಶೋಲ್ಡ್ ಮೈನಸ್ 70.

ಮ್ಯಾಕ್ಸಿಮಮ್ ಅನ್ನು 17ಕ್ಕೇ ನಿಲ್ಲಿಸಲು ಕಾರಣವಿದೆ. ಬಹಳಷ್ಟು ಫೋನುಗಳು ಕಳಿಸುವ ಪವರ್ ಅಷ್ಟರೊಳಗೇ ಇರುತ್ತದೆ. ಎಪಿ 23ರಲ್ಲಿ ಕೂಗಿದರೆ ಫೋನಿಗೆ ಪೂರ್ತಿ ಕಡ್ಡಿ ಕಾಣುತ್ತದೆ, ಆದರೆ ಫೋನಿನ ಉತ್ತರ ಎಪಿಗೆ ಮುಟ್ಟುವುದಿಲ್ಲ. ಸಿಗ್ನಲ್ ಇದೆ, ನೆಟ್ ಇಲ್ಲ ಎಂಬ ದೂರಿನ ಹಿಂದೆ ಇದೇ ಇರುವುದುಂಟು. 2.4 ಅನ್ನು 5ಕ್ಕಿಂತ 6 ಡಿಬಿ ತಗ್ಗಿಸುವುದು, ಆ ಅಲೆ ದೂರ ಹೋಗುತ್ತದೆ ಎಂಬುದಕ್ಕೂ, ಫೋನುಗಳು 5ರ ಕಡೆ ಒಲಿಯಲಿ ಎಂಬುದಕ್ಕೂ.

ಚಾನೆಲ್ ಪಟ್ಟಿ: 2.4ರಲ್ಲಿ 1, 6, 11 ಮಾತ್ರ, ಬೇರೆ ಏನೂ ಬೇಡ. ಎಪಿ ಒತ್ತೊತ್ತಾಗಿದ್ದರೆ ಮೂರೇ ಚಾನೆಲ್‌ಗಳಲ್ಲಿ ಎಲ್ಲವನ್ನೂ ತೂರಿಸಲಾಗದು, ಎರಡಕ್ಕೊಂದರಂತೆ 2.4 ರೇಡಿಯೋ ಆಫ್ ಮಾಡಿ. 5 ಗಿಗಾಹರ್ಟ್ಸ್‌ನಲ್ಲಿ 36ರಿಂದ 48 ಮತ್ತು 149ರಿಂದ 165ರವರೆಗಿನ ಒಂಬತ್ತು ಚಾನೆಲ್‌ಗಳಿಗೆ ರಾಡಾರ್ ನಿಯಮ ಇಲ್ಲ. 52ರಿಂದ 64 ಮತ್ತು 100ರಿಂದ 144ರವರೆಗಿನವು ಡಿಎಫ್‌ಎಸ್, ಅಂದರೆ ರಾಡಾರ್ ಕಂಡರೆ ಬಿಟ್ಟುಕೊಡಬೇಕಾದ ಚಾನೆಲ್‌ಗಳು. ಒಂಬತ್ತರಲ್ಲೇ ದೊಡ್ಡ ಕಟ್ಟಡ ನಡೆಸಲು ಹೊರಟರೆ ಒಂದೇ ಚಾನೆಲ್ ಪದೇ ಪದೇ ಬರುತ್ತದೆ. ಡಿಎಫ್‌ಎಸ್ ಸೇರಿಸಿ. ಆದರೆ ಹಳೆಯ ಬಾರ್‌ಕೋಡ್ ಸ್ಕ್ಯಾನರ್, ಹಾಜರಾತಿ ಯಂತ್ರ, ಅಗ್ಗದ ಫೋನುಗಳಿಗೆ 100ರ ಮೇಲಿನ ಚಾನೆಲ್‌ಗಳು ಕಾಣುತ್ತವೆಯೇ ಎಂದು ಒಂದು ಎಪಿಯಲ್ಲಿ ಪರೀಕ್ಷಿಸಿ, ಆಮೇಲೆ ಎಲ್ಲ ಕಡೆ ಹಾಕಿ.

ಅಗಲದ ವಿಷಯದಲ್ಲಿ ಆಸೆ ಪಡಬೇಡಿ. 5 ಗಿಗಾಹರ್ಟ್ಸ್ ಪೂರ್ತಿ ಸಿಕ್ಕರೂ 80 ಮೆಗಾಹರ್ಟ್ಸ್‌ನ ಚಾನೆಲ್ ಆರೇ. ಅಗಲ ಇಮ್ಮಡಿಯಾದಾಗಲೆಲ್ಲ ನಾಯ್ಸ್ (ಹಿನ್ನೆಲೆ ಗದ್ದಲ) 3 ಡಿಬಿ ಏರುತ್ತದೆ ಕೂಡ. ಹಾಸ್ಟೆಲ್, ಆಡಿಟೋರಿಯಂಗೆ 20. ಆಫೀಸಿಗೆ, ಎಪಿ ಸ್ವಲ್ಪ ದೂರ ದೂರ ಇದ್ದರೆ, 40. ಆಡಿಟೋರಿಯಂಗೆ ಪ್ರತ್ಯೇಕ ಪ್ರೊಫೈಲ್ ಇರಲಿ. 802.11 ಟ್ಯಾಬ್‌ನಲ್ಲಿ ಕೆಳಗಿನ ಡೇಟಾ ರೇಟ್‌ಗಳನ್ನು ಆಫ್ ಮಾಡಿ 12 ಎಂಬಿಪಿಎಸ್ ಅನ್ನು ಮ್ಯಾಂಡೇಟರಿ ಮಾಡುವುದು ಎಲ್ಲ ಕಡೆಗೂ ಒಳ್ಳೆಯದು. ಎಪಿ ತನ್ನ ಇರುವನ್ನು ಸಾರುವ ಬೀಕನ್‌ಗಳಿಗೇ ಗಾಳಿಯ ಸಮಯ ಹೋಗುವುದು ತಪ್ಪುತ್ತದೆ.

ಪ್ರೊಫೈಲ್‌ಗಳನ್ನು ಆರ್‌ಎಫ್ ಟ್ಯಾಗ್‌ಗೆ ಸೇರಿಸಿ, ಟ್ಯಾಗ್ ಅನ್ನು ಎಪಿಗಳಿಗೆ ಹಚ್ಚಿ. ಟ್ಯಾಗ್ ಬದಲಾದ ಎಪಿ ಕಂಟ್ರೋಲರ್‌ನಿಂದ ಬಿಟ್ಟು ಮತ್ತೆ ಸೇರಿಕೊಳ್ಳುತ್ತದೆ, ಆಗ ಅದರಲ್ಲಿದ್ದವರ ಸಂಪರ್ಕ ಹೋಗುತ್ತದೆ. ತರಗತಿ ನಡೆಯುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

ಈಗ ಕಾನ್ಫಿಗರೇಶನ್, ರೇಡಿಯೋ ಕಾನ್ಫಿಗರೇಶನ್ಸ್, ಆರ್‌ಆರ್‌ಎಂ ತೆರೆದು ಡಿಸಿಎ (ಚಾನೆಲ್ ಹಂಚುವ ಭಾಗ) ಟ್ಯಾಬ್‌ಗೆ ಬನ್ನಿ. ಮೋಡ್ ಆಟೋಮ್ಯಾಟಿಕ್, ಇಂಟರ್‌ವಲ್ 24 ಗಂಟೆ, ಆಂಕರ್ ಟೈಮ್ (ಲೆಕ್ಕ ಶುರುವಾಗುವ ಹೊತ್ತು) ಬೆಳಗಿನ 4. ಹಾಸ್ಟೆಲ್‌ನಲ್ಲಿ ಮಧ್ಯರಾತ್ರಿ ಎಂದರೆ ಬಳಕೆಯ ಉತ್ತುಂಗ, ಅಲ್ಲಿ 12 ಗಂಟೆ ಇಡಬೇಡಿ. ಸೆನ್ಸಿಟಿವಿಟಿ ಮೀಡಿಯಂ, ಅಕ್ಕಪಕ್ಕದ ಅಂಗಡಿ, ಮನೆಗಳ ವೈಫೈ ತುಂಬಿರುವ ಪೇಟೆಯ ನಡುವಿನ ಕಟ್ಟಡವಾದರೆ ಲೋ. ಫಾರಿನ್ ಎಪಿ, ಅಂದರೆ ಹೊರಗಿನವರ ಎಪಿ, ತಪ್ಪಿಸುವ ಆಯ್ಕೆ ಆನ್ ಇರಲಿ. ಸಿಸ್ಕೋ ಎಪಿ ಲೋಡ್ ತಪ್ಪಿಸುವುದು ಮಾತ್ರ ಆಫ್‌ನಲ್ಲೇ ಇರಲಿ, ಏಕೆಂದರೆ ಲೋಡ್ ಗಳಿಗೆಗೊಮ್ಮೆ ಬದಲಾಗುತ್ತದೆ, ಅದರ ಬೆನ್ನು ಹತ್ತಿ ಚಾನೆಲ್ ಬದಲಿಸಿದರೆ ನೆಮ್ಮದಿ ಇರುವುದಿಲ್ಲ.

ಎಲ್ಲ ಎಪಿಗಳೂ ಆನ್ ಆಗಿ ಒಂದು ಗಂಟೆ ಕಳೆಯಲಿ, ನೆರೆ ಪಟ್ಟಿ ತುಂಬಲಿ. ಆಮೇಲೆ ಕಮಾಂಡ್ ಲೈನ್‌ನಿಂದ ಆಯಾ ಬ್ಯಾಂಡ್‌ನ ಡಿಸಿಎ ರೀಸ್ಟಾರ್ಟ್ ಕೊಡಿ. ಇದು ಸ್ಟಾರ್ಟಪ್ ಮೋಡ್. 10 ನಿಮಿಷಕ್ಕೊಮ್ಮೆಯಂತೆ 100 ನಿಮಿಷ ಚಾನೆಲ್‌ಗಳನ್ನು ಧಾರಾಳವಾಗಿ ಅದಲುಬದಲು ಮಾಡಿ ಹೊಸದಾಗಿ ಹಂಚುತ್ತದೆ. ರಾತ್ರಿಯಲ್ಲೇ ಮಾಡಿ. ಹೊಸ ಎಪಿ ಸೇರಿಸಿದಾಗ, ಚಾನೆಲ್ ಅಗಲ ಬದಲಿಸಿದಾಗ ಇದನ್ನು ಮತ್ತೆ ಮಾಡಬೇಕು. ಇಲ್ಲದಿದ್ದರೆ ಹಳೆಯ ಹಂಚಿಕೆಯ ಮೇಲೆಯೇ ತೇಪೆ ಹಾಕುತ್ತ ಹೋಗುತ್ತದೆ.

ಹೊರಗಿನ ಆಂಟೆನಾ ಇರುವ ಎಪಿಗಳಲ್ಲಿ ಆಂಟೆನಾ ಗೇನ್ (ಆಂಟೆನಾ ಸಿಗ್ನಲ್ ಅನ್ನು ಎಷ್ಟು ಬಲಪಡಿಸುತ್ತದೆ ಎಂಬ ಅಂಕಿ) ಸರಿಯಾಗಿ ತುಂಬಿದೆಯೇ ನೋಡಿ. ತಪ್ಪಿದ್ದರೆ ಪವರ್ ಲೆಕ್ಕವೆಲ್ಲ ತಪ್ಪು.

ಮಾರನೆಯ ದಿನ ನೋಡಬೇಕಾದ್ದು

5 ಗಿಗಾಹರ್ಟ್ಸ್ ಸಾರಾಂಶದಲ್ಲಿ ಪ್ರತಿ ಎಪಿಯ ಚಾನೆಲ್ ಮತ್ತು ಪವರ್ ಪಕ್ಕ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. ಅದು ಆಟೋ ಕೊಟ್ಟಿದ್ದು ಎಂದರ್ಥ. ನಕ್ಷತ್ರ ಇಲ್ಲದ ಎಪಿಗೆ ಯಾರೋ ಹಿಂದೆ ಕೈಯಿಂದ ಬೆಲೆ ಕೊಟ್ಟಿದ್ದಾರೆ, ಆರ್‌ಆರ್‌ಎಂ ಅದನ್ನು ಮುಟ್ಟುವುದಿಲ್ಲ. ಆ ರೇಡಿಯೋದ ಅಸೈನ್‌ಮೆಂಟ್ ಅನ್ನು ಕಸ್ಟಮ್‌ನಿಂದ ಗ್ಲೋಬಲ್‌ಗೆ ತಿರುಗಿಸಿ. ಎಲ್ಲ ಸರಿ ಇದ್ದೂ ಒಂದು ಎಪಿ ಮಾತ್ರ ಹಟ ಹಿಡಿದಂತೆ ಒಂದೇ ಚಾನೆಲ್‌ನಲ್ಲಿದ್ದರೆ ಮೊದಲು ಇದನ್ನೇ ನೋಡಿ.

ಹೆಚ್ಚಿನ ಎಪಿಗಳು ಮ್ಯಾಕ್ಸಿಮಮ್‌ಗೇ ಅಂಟಿದ್ದರೆ ಎಪಿ ಸಾಲದು, ಇಲ್ಲವೇ ನೆರೆಗಳು ಕೇಳಿಸುತ್ತಿಲ್ಲ. ಎಲ್ಲವೂ ಮಿನಿಮಮ್‌ಗೇ ಅಂಟಿದ್ದರೆ ಕಾರಿಡಾರ್ ಸಮಸ್ಯೆ, ಅಥವಾ ಎಪಿ ಅತಿಯಾಗಿವೆ. ನಡುವೆ ಹರಡಿಕೊಂಡಿದ್ದರೆ ಒಳ್ಳೆಯ ಲಕ್ಷಣ. ಆದರೆ ಕಂಟ್ರೋಲರ್ ಪರದೆ ನೋಡಿ ಮುಗಿಸಬೇಡಿ. ಲ್ಯಾಪ್‌ಟಾಪ್ ಮತ್ತು ಒಂದು ಸಾಧಾರಣ ಫೋನ್ ಹಿಡಿದು, ಬಾಗಿಲು ಹಾಕಿದ ಕೋಣೆಯ ಮೂಲೆಯಲ್ಲಿ ಅಳೆಯಿರಿ. ಮೊದಲ ಎಪಿ ಮೈನಸ್ 67 ಅಥವಾ ಅದಕ್ಕಿಂತ ಚೆನ್ನಾಗಿ, ನಡೆದಾಡುತ್ತ ಕರೆ ಮಾಡುವ ಜಾಗವಾದರೆ ಎರಡನೆಯದು ಮೈನಸ್ 75ರೊಳಗೆ, ಸಿಗ್ನಲ್‌ಗೂ ನಾಯ್ಸ್‌ಗೂ ಅಂತರ 25 ಡಿಬಿ ಸಿಗಬೇಕು.

ಡಿಎಫ್‌ಎಸ್ ಲಾಗ್ ಒಂದು ವಾರ ಗಮನಿಸಿ. ರಾಡಾರ್ ಕಂಡ ಎಪಿ 10 ಸೆಕೆಂಡಿನಲ್ಲಿ ಚಾನೆಲ್ ಬಿಡಬೇಕು, 30 ನಿಮಿಷ ಅಲ್ಲಿಗೆ ಮರಳುವಂತಿಲ್ಲ. ಇನ್ನೊಂದು ಡಿಎಫ್‌ಎಸ್ ಚಾನೆಲ್‌ಗೆ ಹೋದರೆ ಅಲ್ಲಿ ಮಾತಾಡುವ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಕೇಳಬೇಕು. ಅಷ್ಟು ಹೊತ್ತು ಆ ಎಪಿಯಲ್ಲಿ ವೈಫೈ ಇಲ್ಲ. ಹವಾಮಾನ ರಾಡಾರ್‌ಗಳು ಬಳಸುವ 5600ರಿಂದ 5650 ಮೆಗಾಹರ್ಟ್ಸ್, ಅಂದರೆ 120, 124, 128, ಹೆಚ್ಚು ತಂಟೆ ಕೊಡುವುದುಂಟು. ಒಂದೇ ಬ್ಲಾಕ್‌ನಲ್ಲಿ ಒಂದೇ ಚಾನೆಲ್ ಪದೇ ಪದೇ ಲಾಗ್‌ಗೆ ಬಂದರೆ ಆ ಬ್ಲಾಕಿನ ಪ್ರೊಫೈಲ್‌ನಿಂದ ಅದನ್ನು ತೆಗೆಯಿರಿ, ಇಡೀ ಡಿಎಫ್‌ಎಸ್ ಪಟ್ಟಿಯನ್ನಲ್ಲ.

ಆರ್‌ಆರ್‌ಎಂನಲ್ಲಿ ಚಾನೆಲ್, ಪವರ್ ಅಲ್ಲದೆ ಕವರೇಜ್ ಹೋಲ್ (ಸಿಗ್ನಲ್ ಸರಿಯಾಗಿ ಮುಟ್ಟದ ಜಾಗ) ಎಂಬ ಮೂರನೇ ಭಾಗವೂ ಇದೆ. ಒಂದು ಎಪಿಯಲ್ಲಿ ಕನಿಷ್ಠ 3 ಮಂದಿ, ಒಟ್ಟಿನ 25 ಶೇಕಡಾದಷ್ಟು, ಮೈನಸ್ 80ಕ್ಕಿಂತ ಕೆಳಗೆ ಕೇಳಿಸುತ್ತಿದ್ದರೆ ಅದು ಪವರ್ ಏರಿಸುತ್ತದೆ. ಹತ್ತಿರದ ಎಪಿ ಬಿಟ್ಟು ದೂರದ್ದಕ್ಕೇ ಜೋತುಬಿದ್ದ ಫೋನುಗಳೂ ಈ ಲೆಕ್ಕಕ್ಕೆ ಬೀಳುತ್ತವೆ, ಪವರ್ ಏರಿದರೆ ಇನ್ನಷ್ಟು ಜೋತುಬೀಳುತ್ತವೆ. ಎಪಿ ಒತ್ತಾಗಿರುವ ಆಡಿಟೋರಿಯಂನಲ್ಲಿ ಇದನ್ನು ಆಫ್ ಮಾಡುವುದೇ ಲೇಸು.

ಆನ್‌ಲೈನ್ ಪರೀಕ್ಷೆಯ ವಾರ ಬಂದಾಗ ಡಿಸಿಎ ಮೋಡ್ ಅನ್ನು ಹಿಂದಿನ ರಾತ್ರಿಯೇ ಫ್ರೀಜ್‌ಗೆ ಹಾಕಿ, ಪವರ್ ಅನ್ನು ಆನ್ ಡಿಮ್ಯಾಂಡ್‌ಗೆ ಹಾಕಿ. ಇದ್ದ ಹಂಚಿಕೆ ಹಾಗೇ ನಿಲ್ಲುತ್ತದೆ. ರಾಡಾರ್ ಕಂಡರೆ ಮಾತ್ರ ಫ್ರೀಜ್ ಕೂಡ ತಡೆಯದು. ಆದ್ದರಿಂದ ಪರೀಕ್ಷಾ ಕೊಠಡಿಗಳ ಎಪಿಗಳಿಗೆ ಆ ವಾರದ ಮಟ್ಟಿಗೆ ಡಿಎಫ್‌ಎಸ್ ಇಲ್ಲದ ಒಂಬತ್ತು ಚಾನೆಲ್‌ಗಳ ಟ್ಯಾಗ್ ಹಾಕಿಡಿ. ಫ್ರೀಜ್ ಮಾಡುವ ಮುಂಚೆ ಟ್ಯಾಗ್ ಬದಲಿಸಿ, ಚಾನೆಲ್ ಹಂಚಿಕೆ ಒಮ್ಮೆ ಓಡಿ ನಿಂತ ಮೇಲೆಯೇ ಫ್ರೀಜ್ ಕೊಡಿ. ಈ ಕ್ರಮ ಹಿಂದುಮುಂದಾದರೆ ಎಪಿಗಳು ಹೊಸ ಪಟ್ಟಿಗೆ ಬರುವುದೇ ಇಲ್ಲ. ಪರೀಕ್ಷೆ ಮುಗಿದ ದಿನ ಎರಡನ್ನೂ ಆಟೋಮ್ಯಾಟಿಕ್‌ಗೆ ಮರಳಿಸುವುದನ್ನು ಕೆಲಸದ ಪಟ್ಟಿಯಲ್ಲಿ ಈಗಲೇ ಬರೆದುಕೊಳ್ಳಿ.