ಮೂಳೆ ಬೆಳೆಸುವ ಗ್ರಾಫೀನ್ ಸ್ಕ್ಯಾಫೋಲ್ಡ್: ಮೊದಲ ಸಲ ಮಾಡುವವರಿಗೆ

ಎಂಟೆಕ್ ಅಥವಾ ಪಿಎಚ್‌ಡಿಗೆ ಸೇರಿ, ಮೂಳೆ ಸ್ಕ್ಯಾಫೋಲ್ಡ್ ಪ್ರಾಜೆಕ್ಟ್ ಕೈಗೆ ಬಂದವರಿಗೆ ಇದು. ಸ್ಕ್ಯಾಫೋಲ್ಡ್ ಅಂದರೆ ಜೀವಕೋಶಗಳು ಹಿಡಿದು ಬೆಳೆಯಲಿ ಅಂತ ಮಾಡುವ, ರಂಧ್ರಗಳಿರುವ ಚೌಕಟ್ಟು. ಇಲ್ಲಿ ಹೇಳುತ್ತಿರುವುದು ಲ್ಯಾಬ್ ಬೆಂಚಿನ ಕೆಲಸ ಮಾತ್ರ, ರೋಗಿಯ ಮೈಗೆ ಹಾಕುವ ವಸ್ತುವಲ್ಲ.

ಕಾರ್ಬನ್ ಯಾಕೆ ಬೇಕು? ಮೂಳೆಗೆ ಆಸರೆಯಾಗಿ ಹಾಕುವ ಟೈಟಾನಿಯಂ ಮಿಶ್ರಲೋಹದ ಬಿಗಿತ ಸುಮಾರು 110 ಗಿಗಾಪಾಸ್ಕಲ್. ನಮ್ಮ ಗಟ್ಟಿ ಮೂಳೆಯದ್ದು ಸುಮಾರು 15-20 ಅಷ್ಟೇ. ಭಾರವನ್ನೆಲ್ಲ ಲೋಹವೇ ಹೊತ್ತರೆ ಪಕ್ಕದ ಮೂಳೆ ಕೆಲಸವಿಲ್ಲದೆ ತೆಳ್ಳಗಾಗುತ್ತದೆ. ಪಾಲಿಕ್ಯಾಪ್ರೋಲ್ಯಾಕ್ಟೋನ್, ಅಂದರೆ ಪಿಸಿಎಲ್ ಅನ್ನುವ ಪ್ಲಾಸ್ಟಿಕ್, ಮೈಯೊಳಗೆ ನಿಧಾನವಾಗಿ ಕರಗಿಹೋಗುತ್ತದೆ ನಿಜ, ಆದರೆ ತೀರಾ ಮೆತ್ತಗೆ, ನೀರೂ ಅದರ ಮೇಲೆ ಹರಡುವುದಿಲ್ಲ. ಅದಕ್ಕೇ ಗ್ರಾಫೀನ್ ಆಕ್ಸೈಡ್, ಅಂದರೆ ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಗೆ (ಗ್ರಾಫೀನ್) ಆಕ್ಸಿಜನ್ ಸೇರಿದ್ದು. ಗಟ್ಟಿತನ ಕೊಡುತ್ತದೆ, ಜೊತೆಗೆ ಅದರ ಮೇಲಿನ ಆಕ್ಸಿಜನ್ ಗುಂಪುಗಳು ಪ್ರೋಟೀನನ್ನೂ ಕ್ಯಾಲ್ಸಿಯಮ್ಮನ್ನೂ ಹಿಡಿದುಕೊಳ್ಳುತ್ತವೆ. ಬೆಂಗಳೂರಿನ ಐಐಎಸ್‌ಸಿಯಲ್ಲೂ ಪಿಸಿಎಲ್-ಗ್ರಾಫೀನ್ ಮೇಲೆ ಕೆಲಸ ನಡೆದಿದೆ.

ಅಳತೆ ಹೀಗಿರಲಿ: 1 ಗ್ರಾಂ ಪಿಸಿಎಲ್, 5 ಮಿಲಿಗ್ರಾಂ ಗ್ರಾಫೀನ್ ಆಕ್ಸೈಡ್, 9 ಗ್ರಾಂ ಉಪ್ಪು. ಅರ್ಧ ಪರ್ಸೆಂಟ್ ಕಾರ್ಬನ್ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಶುರುವಿಗೆ ಸಾಕು. ಜಾಸ್ತಿ ಹಾಕಿದಷ್ಟೂ ಗಂಟು ಕಟ್ಟುತ್ತದೆ, ಗಂಟು ಇದ್ದ ಕಡೆಯೇ ಸ್ಕ್ಯಾಫೋಲ್ಡ್ ಮುರಿಯುತ್ತದೆ.

ಪುಡಿಯನ್ನು ಫ್ಯೂಮ್ ಹುಡ್ (ಗಾಳಿಯನ್ನು ಹೊರಗೆಳೆಯುವ ಪೆಟ್ಟಿಗೆ) ಒಳಗೇ, ಮಾಸ್ಕ್ ಹಾಕಿಕೊಂಡು ತೂಗಿ. ಗ್ರಾಫೀನ್ ಬದಲು ನ್ಯಾನೋಟ್ಯೂಬ್ (ಕಾರ್ಬನ್‌ನ ಅತಿ ಸಣ್ಣ ಕೊಳವೆ) ಬಳಸುವವರಂತೂ ಇದನ್ನು ಬಿಡಲೇಬೇಡಿ. ಎಮ್‌ಡಬ್ಲ್ಯುಸಿಎನ್‌ಟಿ-7 ಅನ್ನುವ ಒಂದು ಬಗೆಯ ನ್ಯಾನೋಟ್ಯೂಬನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ 2ಬಿ ಗುಂಪಿಗೆ ಸೇರಿಸಿದೆ.

ಗ್ರಾಫೀನ್ ಆಕ್ಸೈಡ್ ಕ್ಲೋರೋಫಾರ್ಮ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಮೊದಲು 5 ಎಂಎಲ್ ಡಿಎಂಎಫ್‌ಗೆ (ಡೈಮೀಥೈಲ್ ಫಾರ್ಮಮೈಡ್ ಅನ್ನುವ ದ್ರಾವಕ) ಹಾಕಿ, ಶಬ್ದದ ಅಲೆಯಿಂದ ಗಂಟು ಬಿಡಿಸುವ ಸೋನಿಕೇಟರ್‌ನ ನೀರಿಗೆ ಐಸ್ ಸೇರಿಸುತ್ತಾ ಅರ್ಧ ಗಂಟೆ ಇಡಿ. ಬೇರೆ ಬಾಟಲಿಯಲ್ಲಿ ಪಿಸಿಎಲ್ ಅನ್ನು 10 ಎಂಎಲ್ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಆಮೇಲೆ ಎರಡನ್ನೂ ಕೂಡಿಸಿ ತಿರುಗಿಸಿ. ಒಂದು ಹನಿಯನ್ನು ಗಾಜಿನ ಸ್ಲೈಡಿಗೆ ಹಾಕಿ, ಓರೆ ಮಾಡಿ ಹರಿಸಿ, ಕಿಟಕಿ ಬೆಳಕಿಗೆ ಹಿಡಿದು ನೋಡಿ. ಒಂದೇ ಸಮ ಕಂದು ಬಣ್ಣ ಕಂಡರೆ ಸರಿ. ಸರಿಯಾಗಿ ತಿರುವದ ಮುದ್ದೆಯಲ್ಲಿ ಹಿಟ್ಟಿನ ಗಂಟು ಉಳಿದ ಹಾಗೆ ಕಪ್ಪು ಚುಕ್ಕೆ ಕಂಡರೆ ಮುಂದೆ ಹೋಗಬೇಡಿ, ಮತ್ತೆ ಸೋನಿಕೇಟ್ ಮಾಡಿ. ಈ ಅರ್ಧ ಗಂಟೆ ಉಳಿಸಲು ಹೋಗಿ ನಾನು ಮೂರು ವಾರದ ಸ್ಯಾಂಪಲ್ ಕಳೆದುಕೊಂಡಿದ್ದೇನೆ.

ಉಪ್ಪನ್ನು ಜರಡಿ ಹಿಡಿದು 300-500 ಮೈಕ್ರಾನ್ ಹರಳುಗಳನ್ನೇ ತೆಗೆದುಕೊಳ್ಳಿ. ಅವು ಕರಗಿದ ಜಾಗವೇ ರಂಧ್ರ, ಅದರೊಳಗೇ ರಕ್ತನಾಳ ಬೆಳೆಯಬೇಕು. ಉಪ್ಪು ಬೆರೆಸಿ ಗಾಜಿನ ಪೆಟ್ರಿ ಡಿಶ್‌ಗೆ ಸುರಿಯಿರಿ. ಪ್ಲಾಸ್ಟಿಕ್ ಡಿಶ್ ಬೇಡವೇ ಬೇಡ, ಕ್ಲೋರೋಫಾರ್ಮ್ ಅದನ್ನೇ ಕರಗಿಸಿಬಿಡುತ್ತದೆ. ಹುಡ್‌ನಲ್ಲಿ ಒಂದು ರಾತ್ರಿ ಒಣಗಿಸಿ, ಮೂರು ದಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ದಿನಕ್ಕೆ ಎರಡು ಮೂರು ಸಲ ನೀರು ಬದಲಿಸಿ. ಉಪ್ಪಿನ ಜೊತೆ ಉಳಿದ ಡಿಎಂಎಫ್ ಕೂಡ ನೀರಿಗೆ ಬರುತ್ತದೆ. ಕೊನೆಗೆ ವ್ಯಾಕ್ಯೂಮ್‌ನಲ್ಲಿ ಒಣಗಿಸಿ. ಬೇಗ ಒಣಗಲಿ ಅಂತ ಬಿಸಿ ಓವನ್‌ಗೆ ಇಡಬೇಡಿ, ಪಿಸಿಎಲ್ ಸುಮಾರು 60 ಡಿಗ್ರಿಗೇ ಕರಗುತ್ತದೆ. ಬಿಸಿ ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್ ಕೂಡ ಅದಕ್ಕೇ ಆಗುವುದಿಲ್ಲ. 70 ಪರ್ಸೆಂಟ್ ಎಥನಾಲ್‌ನಲ್ಲಿ ನೆನೆಸಿ, ಆಮೇಲೆ ಯುವಿ ಹಿಡಿಯಿರಿ. ಕಾರ್ಬನ್ ಇಲ್ಲದ ಬರೀ ಪಿಸಿಎಲ್ ತುಂಡುಗಳನ್ನೂ ಇದೇ ದಾರಿಯಲ್ಲಿ ಮಾಡಿಟ್ಟುಕೊಳ್ಳಿ. ಅವಿಲ್ಲದೆ ಹೋಲಿಸುವುದು ಯಾವುದರ ಜೊತೆ, ಅಲ್ವಾ?

ಇನ್ನು ಜೀವಕೋಶದ ಟೆಸ್ಟ್. ಜಾಸ್ತಿ ಜನ ಎಡವುವುದು ಇಲ್ಲೇ. ಎಲ್ಲರೂ ಮಾಡುತ್ತಾರೆ ಅಂತ ಸುಮ್ನೆ ಎಂಟಿಟಿ (ಬದುಕಿರುವ ಕೋಶ ನೇರಳೆ ಮಾಡುವ ಬಣ್ಣದ ಟೆಸ್ಟ್) ಮಾಡಿದರೆ ಗ್ರಾಫೀನ್ ಮೋಸ ಮಾಡುತ್ತದೆ. ಒಂದೇ ಒಂದು ಜೀವಕೋಶ ಇಲ್ಲದಿದ್ದರೂ ಅದು ಎಂಟಿಟಿಯನ್ನು ತಾನೇ ನೇರಳೆ ಮಾಡಬಲ್ಲದು, ನೀವು ಕೋಶ ಚೆನ್ನಾಗಿ ಬೆಳೆದಿದೆ ಅಂದುಕೊಳ್ಳುತ್ತೀರಿ. ನ್ಯಾನೋಟ್ಯೂಬ್ ಆದರೆ ಉಲ್ಟಾ. ನೇರಳೆ ಹರಳು ಅದಕ್ಕೇ ಅಂಟಿಕೊಂಡು, ಬದುಕಿರುವ ಕೋಶಗಳೂ ಸತ್ತಂತೆ ಲೆಕ್ಕ ಬರುತ್ತದೆ. ಅದರ ಬದಲು, ಬರುವ ಬಣ್ಣ ನೀರಲ್ಲೇ ಕರಗುವ ಡಬ್ಲ್ಯುಎಸ್‌ಟಿ ಬಗೆಯ ಟೆಸ್ಟ್ ಬಳಸಿ, ಕೋಶ ಎಷ್ಟಿದೆ ಅಂತ ತಿಳಿಯಲು ಡಿಎನ್‌ಎ ಅಳತೆಯನ್ನೂ ಜೊತೆಗಿಡಿ.

ಮೂಳೆ ಕಟ್ಟುವ ಎಂಸಿ3ಟಿ3 ಇಲಿ ಕೋಶಗಳಲ್ಲಿ 7 ಮತ್ತು 14ನೇ ದಿನ ಆಲ್ಕಲೈನ್ ಫಾಸ್ಫಟೇಸ್ (ಮೂಳೆ ಕಟ್ಟುವ ಕೆಲಸ ಶುರುವಾದದ್ದನ್ನು ತೋರಿಸುವ ಕಿಣ್ವ) ಅಳೆಯಿರಿ, 21ನೇ ದಿನ ಅಲಿಝರಿನ್ ರೆಡ್ (ಕ್ಯಾಲ್ಸಿಯಂ ಇದ್ದಲ್ಲಿ ಕೆಂಪಾಗುವ ಬಣ್ಣ) ಹಾಕಿ. ಕೆಂಪು ಗಾಢವಾಗಿ ಬಂತು ಅಂತ ಖುಷಿಪಡುವ ಮುಂಚೆ ಒಂದು ಮಾತು. ಗ್ರಾಫೀನ್ ಆಕ್ಸೈಡ್ ಮೀಡಿಯಾದಲ್ಲಿರುವ (ಕೋಶ ಬೆಳೆಸುವ ದ್ರವ) ಕ್ಯಾಲ್ಸಿಯಮ್ಮನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಪ್ರತಿ ಬಗೆಯಲ್ಲೂ ಕೋಶ ಹಾಕದ ಸ್ಕ್ಯಾಫೋಲ್ಡ್ ಒಂದನ್ನು ಅದೇ ಮೀಡಿಯಾದಲ್ಲಿ ಅಷ್ಟೇ ದಿನ ಇಟ್ಟು, ಅದಕ್ಕೂ ಬಣ್ಣ ಹಾಕಿ, ಆ ರೀಡಿಂಗನ್ನು ಅದೇ ಬಗೆಯ ಉಳಿದವುಗಳಿಂದ ಕಳೆಯಿರಿ. ಕಳೆದ ಮೇಲೆ ಉಳಿದದ್ದಷ್ಟೇ ಕೋಶಗಳು ಕಟ್ಟಿದ ಖನಿಜ.